ಊರು ತಾನಾಗೇ ಮುಳುಗಿತಾ?

ಅಣೆಕಟ್ಟಿನ ಸುದ್ದಿಯಲ್ಲಿ ‘ಗಡೆ’ ಅಂತ ಮುಗಿಯುವ ಎರಡು ಪದ ಖಾಯಂ. ಒಂದು ಬಿಡುಗಡೆ, ಇನ್ನೊಂದು ಮುಳುಗಡೆ. ನಾಲೆಗೆ ನೀರು ಬಿಡುಗಡೆ. ಇಷ್ಟು ಹಳ್ಳಿ ಮುಳುಗಡೆ. ನೋಡೋಕೆ ಅಣ್ಣ ತಮ್ಮಂದಿರ ಥರ ಇವೆ. ಆದರೆ ಹಳೇ ವಾರಪತ್ರಿಕೆಗಳನ್ನು ಒಂದಷ್ಟು ಸಂಜೆ ಕೂತು ಓದಿದರೆ ಎರಡರ ಸ್ವಭಾವ ಬೇರೆ ಬೇರೆ ಅಂತ ಗೊತ್ತಾಗುತ್ತೆ. ನೀರು ಬಿಡುಗಡೆ ಆದಾಗಲೆಲ್ಲ ಬಿಟ್ಟವರು ಯಾರು ಅಂತ ಬರೆದಿರುತ್ತಾರೆ. ಮುಖ್ಯಮಂತ್ರಿಗಳು, ಉಸ್ತುವಾರಿ ಸಚಿವರು, ಪಕ್ಕದಲ್ಲಿ ಶಾಸಕರು, ಹಿಂದೆ ಎಂಜಿನಿಯರುಗಳು, ಮುಂದೆ ಬಾಗಿನದ ಮೊರ. ಹಳ್ಳಿ ಮುಳುಗಡೆ ಆದಾಗ ಮಾತ್ರ ವಾಕ್ಯದಲ್ಲಿ ಯಾರೂ ಇರುವುದಿಲ್ಲ. ಹಳ್ಳಿ ಇರುತ್ತೆ, ನೀರು ಇರುತ್ತೆ, ಎಕರೆ ಲೆಕ್ಕ ಇರುತ್ತೆ. ಕರ್ತೃ ನಾಪತ್ತೆ.

ಬಿಡುಗಡೆ ಮಾಡಿದರು ಅನ್ನುತ್ತೇವೆ. ಮುಳುಗಡೆ ಮಾಡಿದರು ಅನ್ನುವುದು ತೀರಾ ಅಪರೂಪ. ‘ಮುಳುಗಡೆಯಾಯಿತು’ ಅನ್ನೋದೇ ಕೈಗೆ ಬರುತ್ತೆ, ಬಾಯಿಗೂ ಬರುತ್ತೆ. ನಾನೇ ಎಷ್ಟು ಸಲ ಹಾಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಮಾವತಿ ಹಿನ್ನೀರಿನ ಕಡೆಯವನು ನಾನು, ಶೆಟ್ಟಿಹಳ್ಳಿಯ ಚರ್ಚು ನಮಗೆ ಪಕ್ಕ. ಬೆಂಗಳೂರಲ್ಲಿ ಯಾರಾದರೂ ‘ಯಾವ ಕಡೆ ನೀವು’ ಅಂದರೆ ‘ಅದೇ, ಚರ್ಚ್ ಮುಳುಗಡೆ ಆಗಿದೆಯಲ್ಲ, ಆ ಕಡೆ’ ಅನ್ನುವುದು ಸುಲಭದ ಗುರುತು. ತಕ್ಷಣ ಇನ್‌ಸ್ಟಾಗ್ರಾಂ ತೆಗೆದು ಫೋಟೋ ತೋರಿಸುತ್ತಾರೆ.

ನನ್ನ ಹತ್ತಿರ ಇರೋದು ಊರಿನ ಅಟ್ಟದಿಂದ ಇಳಿಸಿ ತಂದ ಒಂದು ಕಟ್ಟು. ಮೇಷ್ಟ್ರಾಗಿದ್ದ ದೊಡ್ಡಪ್ಪ ಕಾಸು ಕೊಟ್ಟು ಕೊಂಡದ್ದು, ಬೇರೆಯವರ ಮನೆಯಿಂದ ಓದಲು ತಂದು ವಾಪಸ್ ಕೊಡದೆ ಉಳಿಸಿಕೊಂಡದ್ದು ಎಲ್ಲ ಸೇರಿ. ಹೆಚ್ಚಿನವು ಎಪ್ಪತ್ತರ ದಶಕದ ಕೊನೆಯವು ಮತ್ತು ಎಂಬತ್ತರ ದಶಕದವು. ಕನ್ನಡದ ವಾರಪತ್ರಿಕೆಗಳಿಗೆ ಅದು ಒಳ್ಳೇ ಕಾಲ. ‘ಸುಧಾ’ 1965ರಿಂದ ಬರುತ್ತಿತ್ತು, 1980ರಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾಯಿತು, 1983ರಲ್ಲಿ ‘ತರಂಗ’ ಬಂತು. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದರೆ ನಮ್ಮ ಕಡೆಯ ಊರುಗಳು ನೀರಿಗೆ ಹೋದ ಕಾಲವೂ ಕನ್ನಡಿಗರು ಮನೆಮನೆಯಲ್ಲಿ ವಾರಪತ್ರಿಕೆ ಓದಲು ಕೂತ ಕಾಲವೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಈ ಪದದ ಮೇಲೆ ನನಗೆ ಇಷ್ಟು ಕಣ್ಣು.

ಒಂದೊಂದು ಲೇಖನವನ್ನೂ ಎತ್ತಿ ತೋರಿಸುವ ಅಗತ್ಯವಿಲ್ಲ, ಯಾಕೆಂದರೆ ಪದದ ಬಳಕೆ ಅಚ್ಚು ಹೊಯ್ದ ಹಾಗಿದೆ. ಅಣೆಕಟ್ಟು ಏಳುವ ಮುಂಚೆ ‘ಮುಳುಗಡೆಯಾಗಲಿರುವ ಗ್ರಾಮಗಳು’. ಎದ್ದ ಮೇಲೆ ‘ಮುಳುಗಡೆಯಾದ ಗ್ರಾಮಗಳು’. ಜಾಗಕ್ಕೆ ‘ಮುಳುಗಡೆ ಪ್ರದೇಶ’, ಜನಕ್ಕೆ ‘ಮುಳುಗಡೆ ಸಂತ್ರಸ್ತರು’. ಕವಿಹೃದಯದ ವರದಿಗಾರನಾದರೆ ‘ಜಲಸಮಾಧಿ’. ಇದನ್ನು ಓದುತ್ತಾ ನನಗೆ ತಟ್ಟಿದ್ದು, ಇಷ್ಟರಲ್ಲಿ ವರ್ತಮಾನ ಕಾಲವೇ ಇಲ್ಲ ಅನ್ನೋದು. ಆಗಲಿರುವುದರಿಂದ ಆದದ್ದಕ್ಕೆ ಒಂದೇ ನೆಗೆತ. ನೀರು ಒಂದೇ ರಾತ್ರಿಯಲ್ಲಿ ಬರೋದಲ್ಲ. ಮೊದಲು ಹೊಳೆಬದಿಯ ಗದ್ದೆ, ಆಮೇಲೆ ಕಣ, ಆಮೇಲೆ ಬಾವಿ, ಆಮೇಲೆ ಊರಬಾಗಿಲು. ಈ ನಡುವಿನ ದಿನಗಳಲ್ಲಿ ‘ಮುಳುಗುತ್ತಿರುವ’ ಅಂತ ಬರೆಯಬೇಕಿತ್ತು. ಹಾಗೆ ಬರೆಯಬೇಕಾದರೆ ಬರೆಯುವವನು ಅಲ್ಲಿ ನಿಂತಿರಬೇಕು. ‘ಆಗಲಿರುವ’ದನ್ನು ಇಲಾಖೆಯ ಪ್ರಕಟಣೆ ನೋಡಿ ಬರೆಯಬಹುದು, ‘ಆದ’ದ್ದನ್ನು ಅಂಕಿಅಂಶ ನೋಡಿ ಬರೆಯಬಹುದು.

ಆ ಕಾಣೆಯಾದ ನಡುವಿನ ದಿನಗಳನ್ನು ಹಿಡಿದದ್ದು ಸುದ್ದಿಯಲ್ಲ, ಕಾದಂಬರಿ. ನಾ. ಡಿಸೋಜ ಅವರು ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಮುಳುಗಿಸುವ ಕಚೇರಿಯ ಒಳಗೇ ಕೂತು ಮುಳುಗುವವರನ್ನು ನೋಡಿದವರು. ಅವರ ಒಂದು ಕಾದಂಬರಿಯ ಹೆಸರೇ ‘ಮುಳುಗಡೆ’. ನನಗೆ ಹೆಚ್ಚು ಮುಖ್ಯ ಅನ್ನಿಸೋದು ‘ದ್ವೀಪ’. ಅದನ್ನು 2002ರಲ್ಲಿ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಅದರಲ್ಲಿ ಇರುವುದೆಲ್ಲ ಆ ನಡುವಿನ ಕಾಲವೇ: ನೀರು ಏರ್ತಾ ಇದೆ, ಮನೆಯವರು ಇನ್ನೂ ಅಲ್ಲೇ ಇದ್ದಾರೆ, ಅಡುಗೆ ಆಗ್ತಾ ಇದೆ. ‘ಮುಳುಗಡೆ’ ಅನ್ನುವ ನಾಮಪದವನ್ನು ಬಿಚ್ಚಿ ಮತ್ತೆ ಕ್ರಿಯಾಪದ ಮಾಡಿದ ಕೃತಿ ಅದು. ಸೌಂದರ್ಯ ಅವರ ಅಭಿನಯದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಸರಿಯೇ. ಆದರೆ ಆ ಸಿನಿಮಾದ ನಿಜವಾದ ಸಾಧನೆ ವ್ಯಾಕರಣದ್ದು ಅಂತ ನನ್ನ ವಾದ.

ಈಗ ಹಳ್ಳಿಯವರ ಮಾತಿಗೆ ಬನ್ನಿ. ನಮ್ಮಜ್ಜಿಯ ಅಕ್ಕನ ಊರು ಈಗ ನೀರಿನ ಕೆಳಗಿದೆ. ಬದುಕಿದ್ದಷ್ಟು ದಿನ ಆ ದೊಡ್ಡಜ್ಜಿ ‘ಮುಳುಗಡೆ’ ಅನ್ನುವ ಪದ ಬಳಸಿದ್ದನ್ನು ನಾನು ಕೇಳಿಲ್ಲ. ‘ನಿಮ್ಮೂರು ಏನಾಯ್ತಜ್ಜಿ’ ಅಂದರೆ ‘ಏನಾಯ್ತು ಅಂತ ಕೇಳ್ತೀಯಲ್ಲಪ್ಪ, ನೀರ್ಗಾಕುದ್ರು’ ಅನ್ನೋರು. ಇನ್ನೊಂದು ಮಾತು, ‘ಊರ್ ಮ್ಯಾಲೆ ನೀರ್ ಬುಟ್ರು’. ಎರಡರಲ್ಲೂ ಕ್ರಿಯಾಪದ ಸಕರ್ಮಕ. ಹಾಕಿದರು, ಬಿಟ್ಟರು. ಯಾರು ಅಂತ ಹೆಸರು ಹೇಳಲ್ಲ, ಹೇಳೋಕೆ ಅವರಿಗೆ ಗೊತ್ತೂ ಇಲ್ಲ. ಆದರೆ ಆ ‘ದ್ರು’ ಇದೆಯಲ್ಲ, ಅದು ಬಹಳ ದೊಡ್ಡದು. ಯಾರೋ ಇದ್ದಾರೆ, ಅವರು ಮಾಡಿದರು. ಓದು ಬರಹ ಬಾರದ ಹೆಂಗಸಿನ ವಾಕ್ಯದಲ್ಲಿ ಉಳಿದಿದ್ದ ಕರ್ತೃ, ಅಚ್ಚಿನ ಮನೆಗೆ ಹೋದಾಗ ಮಾಯ.

ಇದು ಮಾತಿನ ಕನ್ನಡ, ಬರಹದ ಕನ್ನಡ ಅನ್ನುವ ಹಳೇ ಜಗಳ ಅಲ್ಲ. ಬರಹದ ಕನ್ನಡಕ್ಕೂ ‘ಮುಳುಗಿಸು’ ಗೊತ್ತು. ‘ಇಸು’ ಹಚ್ಚಿದರೆ ಸಾಕು, ಕೆಲಸ ಮಾಡಿಸಿದವನು ಬಂದು ನಿಲ್ಲುತ್ತಾನೆ: ಓಡು, ಓಡಿಸು, ಏಳು, ಎಬ್ಬಿಸು, ಮುಳುಗು, ಮುಳುಗಿಸು. ಎಷ್ಟು ಸೊಗಸಾದ ಸಲಕರಣೆ. ಅಷ್ಟೂ ಬೇಡ, ‘ಮುಳುಗಿಸಲಾಯಿತು’ ಅಂತ ಬರೆದಿದ್ದರೂ ‘ಯಾರಿಂದ’ ಅನ್ನುವ ಪ್ರಶ್ನೆಗೆ ಬಾಗಿಲು ಅರ್ಧ ತೆರೆದಿರುತ್ತಿತ್ತು. ಗಮನಿಸಿ, ಅದೇ ಪುಟದಲ್ಲಿ ‘ಅಣೆಕಟ್ಟು ನಿರ್ಮಿಸಲಾಯಿತು’ ಅಂತ ಸಲೀಸಾಗಿ ಬರುತ್ತೆ. ಕಟ್ಟುವುದು ಮನುಷ್ಯರ ಕೆಲಸ, ಮುಳುಗುವುದು ಊರಿನ ಗುಣ ಅನ್ನೋ ಹಾಗೆ.

ಪತ್ರಕರ್ತರನ್ನು ಖಳನಾಯಕರು ಮಾಡುವುದು ನನ್ನ ಉದ್ದೇಶ ಅಲ್ಲ. ನಾಲ್ಕಕ್ಷರದ ಪದ. ಕಿರಿದಾದ ಕಾಲಂನಲ್ಲಿ, ದಪ್ಪ ಅಕ್ಷರದ ತಲೆಬರಹದಲ್ಲಿ ಚೆನ್ನಾಗಿ ಕೂರುತ್ತೆ. ಸಂಸ್ಕೃತದ ‘ಜಲಾವೃತ’ಕ್ಕಿಂತ ಕನ್ನಡದ್ದು, ಎಲ್ಲರಿಗೂ ಅರ್ಥವಾಗುವಂಥದ್ದು. ಎಂಜಿನಿಯರುಗಳ ಇಂಗ್ಲಿಷ್ ಕಡತದಲ್ಲಿದ್ದ ‘ಸಬ್‌ಮರ್ಶನ್’ಗೆ ಕನ್ನಡ ಬೇಕಿತ್ತು, ಇದು ಸಿಕ್ಕಿತು. ಆ ಇಂಗ್ಲಿಷ್ ಪದಕ್ಕೂ ಕರ್ತೃ ಇಲ್ಲ, ಹಾಗಾಗಿ ಅನುವಾದ ನಿಷ್ಠೆಯಿಂದಲೇ ಆಗಿದೆ. ಜೊತೆಗೆ, ಇದೇ ಪದ ಆಮೇಲೆ ಜನರಿಗೆ ಉಪಯೋಗಕ್ಕೂ ಬಂತು. ಪರಿಹಾರಕ್ಕೆ ಅರ್ಜಿ ಹಾಕುವವನು ‘ನೀರ್ಗಾಕುದ್ರು ಸ್ವಾಮಿ’ ಅಂದರೆ ಫೈಲು ಅಲ್ಲಾಡಲ್ಲ, ‘ಮುಳುಗಡೆ ಸಂತ್ರಸ್ತ’ ಅಂದರೆ ಅಲ್ಲಾಡಬಹುದು. ಸರ್ಕಾರಿ ನೌಕರಿಯ ಅರ್ಜಿಗಳಲ್ಲಿ ಯೋಜನೆಗಳಿಂದ ನಿರಾಶ್ರಿತರಾದವರಿಗೆ ಇವತ್ತಿಗೂ ಒಂದು ಕಾಲಂ ಇದೆ. ಹೋರಾಟಗಾರರೂ ಇದೇ ಪದ ಬ್ಯಾನರಿಗೆ ಬರೆಸಿಕೊಂಡರು. ಬೇರೆ ದಾರಿ ಏನಿತ್ತು?

ಆದರೆ ಜೊತೆಗಾರ ಪದಗಳನ್ನೂ ನೋಡಬೇಕು. ‘ಸಂತ್ರಸ್ತ’ ಅಂದರೆ ಸಂಸ್ಕೃತದಲ್ಲಿ ಹೆದರಿದವನು, ನಡುಗಿದವನು. ಭೂಮಿ ಕಳೆದುಕೊಂಡವನು ಅಂತ ಅಲ್ಲ. ಕಳೆದುಕೊಂಡವನು ಅಂದಿದ್ದರೆ ಕಸಿದುಕೊಂಡವರು ಯಾರು ಅನ್ನಬೇಕಾಗುತ್ತಿತ್ತು. ನಡುಗಿದವನಿಗೆ ಕಂಬಳಿ ಕೊಟ್ಟರೆ ಮುಗಿಯಿತು. ಕಂಬಳಿಗೆ ನಮ್ಮ ಪತ್ರಿಕೆಗಳು ಇಟ್ಟ ಹೆಸರು ‘ಪರಿಹಾರ’. ಲೆಕ್ಕದ ಪುಸ್ತಕದಲ್ಲಿ ಸಮಸ್ಯೆಗೆ ಕೊಡುವ ಉತ್ತರ ಪರಿಹಾರ, ಜ್ಯೋತಿಷಿಯ ಹತ್ತಿರ ದೋಷ ಕಳೆಯುವುದು ಪರಿಹಾರ, ಸರ್ಕಾರದ ಚೆಕ್ಕೂ ಪರಿಹಾರ. ಕೊಟ್ಟ ಮೇಲೆ ಸಮಸ್ಯೆ ಇನ್ನೂ ಇದೆ ಅನ್ನುವುದಕ್ಕೆ ಪದದಲ್ಲೇ ಜಾಗ ಇಲ್ಲ.

ಇನ್ನು ‘ತ್ಯಾಗ’. ಇದರ ಬಗ್ಗೆ ನನಗೆ ಸಿಟ್ಟೇ ಇದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದಿನಿಂದ ಇಂದಿನವರೆಗೆ ಶರಾವತಿ ಕಣಿವೆಯವರ ಬಗ್ಗೆ ಯಾವ ಭಾಷಣ, ಯಾವ ಲೇಖನ ತೆಗೆದರೂ ಅವರು ನಾಡಿಗೆ ಬೆಳಕು ಕೊಡಲು ತ್ಯಾಗ ಮಾಡಿದವರು. ವಾಕ್ಯರಚನೆ ನೋಡಿ. ಊರು ಮುಳುಗುವಾಗ ಅಲ್ಲಿಯವರಿಗೆ ವಾಕ್ಯದಲ್ಲಿ ಕೆಲಸ ಇರಲಿಲ್ಲ, ಸರ್ಕಾರಕ್ಕೂ ಇರಲಿಲ್ಲ. ಈಗ ಇದ್ದಕ್ಕಿದ್ದಂತೆ ಅವರೇ ಕರ್ತೃ! ಅವರೇ ಮಾಡಿದರು. ಏನು ಮಾಡಿದರು? ತ್ಯಾಗ. ಯಾರೂ ಕೇಳದೆ ಎತ್ತಿಕೊಂಡು ಹೋದ ವಸ್ತುವನ್ನು ನಾನು ‘ದಾನ ಮಾಡಿದೆ’ ಅಂತ ರಸೀದಿ ಬರೆದುಕೊಟ್ಟ ಹಾಗಾಯಿತು.

ಐಟಿಯಲ್ಲಿ ಇರುವವರಿಗೆ ಈ ಭಾಷೆ ಹೊಸದೇನಲ್ಲ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದರೆ ಬೆಳಿಗ್ಗೆ ಮೇಲ್ ಬರುತ್ತೆ, ‘ಒಂದು ಅಡಚಣೆ ಉಂಟಾಯಿತು’. ಕೆಲಸದಿಂದ ತೆಗೆದರೆ ‘ನೀವು ಇಂಪ್ಯಾಕ್ಟ್ ಆಗಿದ್ದೀರಿ’. ಮಳೆ ಬಂದು ಒದ್ದೆಯಾದ ಹಾಗೆ. ಹಳೇ ಯೋಜನಾ ಕಡತಗಳ ‘ಬಾಧಿತರು’ ಅನ್ನುವುದೂ ಇದೇ ಜಾತಿಯ ಪದ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಹೆಸರು ಹೇಳದೆ ಪೋಸ್ಟ್‌ಮಾರ್ಟಂ ಬರೆಯುವುದಕ್ಕೆ ಒಳ್ಳೇ ಕಾರಣ ಉಂಟು, ಒಬ್ಬನನ್ನು ಹಿಡಿದು ಬೈಯುವ ಬದಲು ವ್ಯವಸ್ಥೆ ಸರಿಮಾಡೋಣ ಅಂತ. ಮತ್ತೆ, ಮೇಲ್‌ನಲ್ಲಿ ಹೆಸರಿಲ್ಲದಿದ್ದರೂ ಗಿಟ್ ಲಾಗ್‌ನಲ್ಲಿ ಯಾರು, ಯಾವತ್ತು, ಯಾವ ಸಾಲು ಬದಲಾಯಿಸಿದರು ಅಂತ ಉಳಿದಿರುತ್ತೆ. ಬೇಕಾದವರು ಹೋಗಿ ನೋಡಬಹುದು. ಐವತ್ತು ವರ್ಷದ ಹಿಂದಿನ ಊರಿನ ವಿಚಾರದಲ್ಲಿ ಬಹುಪಾಲು ಓದುಗರಿಗೆ ಇರುವ ಲಾಗ್ ಅಂದರೆ ಪತ್ರಿಕೆಗಳೇ.

ಎಲ್ಲ ಪತ್ರಿಕೆಗಳೂ ಒಂದೇ ಥರ ಬರೆಯಬೇಕಿತ್ತಾ? ಬೇಕಿರಲಿಲ್ಲ ಅನ್ನುವುದಕ್ಕೆ ಲಂಕೇಶ್ ಸಾಕ್ಷಿ. ಗುಂಡೂರಾವ್ ಅವರನ್ನು ‘ಗುಂ’, ಬಂಗಾರಪ್ಪನವರನ್ನು ‘ಬಂ’ ಅಂತ ಒಂದಕ್ಷರಕ್ಕೆ ಇಳಿಸಿದ ಪತ್ರಿಕೆ ಅದು. ಜನ ಅದನ್ನು ತಮಾಷೆ ಅಂತ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದು ವಾಕ್ಯದ ಧೈರ್ಯ ಅನ್ನಿಸುತ್ತೆ. ಕರ್ತೃವಿನ ಜಾಗ ಖಾಲಿ ಬಿಡದೆ, ಅಲ್ಲಿ ಒಬ್ಬ ಮನುಷ್ಯನನ್ನು, ಅದೂ ಅಧಿಕಾರದಲ್ಲಿ ಇರುವವನನ್ನು, ಹೆಸರು ಹಿಡಿದು ಕೂರಿಸುವುದು. ಕನ್ನಡಕ್ಕೆ ಅದು ಬರುತ್ತಿತ್ತು. ಅಣೆಕಟ್ಟಿನ ಸುದ್ದಿಗೆ ಆ ಅಭ್ಯಾಸ ಇಳಿಯಲಿಲ್ಲ ಅಷ್ಟೇ.

ಹಳೇ ಮೈಸೂರಿನವರು ಕೆಆರ್‌ಎಸ್ ಅನ್ನು ಇವತ್ತಿಗೂ ಕನ್ನಂಬಾಡಿ ಕಟ್ಟೆ ಅಂತಾರೆ. 1911ರಲ್ಲಿ ಕೆಲಸ ಶುರುವಾದ ಆ ಅಣೆಕಟ್ಟಿಗೆ ದೊರೆಯ ಹೆಸರಿಟ್ಟರು, ಕೃಷ್ಣರಾಜಸಾಗರ. ಕನ್ನಂಬಾಡಿ ಅನ್ನೋದು ಅದರ ನೀರಿನಡಿ ಹೋದ ಊರು. ಮುಳುಗಿಸಿದ ಗೋಡೆಗೆ ಮುಳುಗಿದ ಊರಿನ ಹೆಸರನ್ನೇ ಜನ ಅಂಟಿಸಿದ್ದಾರೆ. ನೂರು ವರ್ಷ ಆದರೂ ಕಿತ್ತುಬಂದಿಲ್ಲ. ಕಂದಾಯ ಇಲಾಖೆಯ ಕಡತದಲ್ಲೂ ಒಂದು ಪದ ಇದೆ, ನನಗೆ ಬಹಳ ಇಷ್ಟ: ‘ಬೇಚರಾಕ್ ಗ್ರಾಮ’. ಜನವಸತಿ ಇಲ್ಲದ ಊರಿಗೆ ಹಾಗೆ ಬರೆಯುತ್ತಾರೆ. ಪಾರ್ಸಿಯ ‘ಬೇ ಚಿರಾಗ್’ನಿಂದ ಬಂದದ್ದು, ದೀಪವಿಲ್ಲದ್ದು ಅಂತ ಅರ್ಥ. ತೆರಿಗೆ ವಸೂಲಿಯ ಗುಮಾಸ್ತನ ಪದ. ಅವನು ಕೂಡ ಊರು ಅಂದಾಗ ಸಂಜೆ ದೀಪ ಹಚ್ಚುವವರು ಇದ್ದಾರಾ ಅಂತ ನೋಡಿದ್ದಾನೆ. ‘ಮುಳುಗಡೆ ಪ್ರದೇಶ’ದಲ್ಲಿ ದೀಪ ಹಚ್ಚುವವರು ಎಲ್ಲಿದ್ದಾರೆ, ಅಲ್ಲಿರೋದು ವಿಸ್ತೀರ್ಣ.

ಶೆಟ್ಟಿಹಳ್ಳಿಯಲ್ಲಿ ಈ ಪದಕ್ಕೆ ಇನ್ನೊಂದು ಗತಿ ಬಂದಿದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚು ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಜಲಾಶಯದ ಪೂರ್ಣ ಮಟ್ಟ 2922 ಅಡಿ. ಮಳೆಗಾಲದಲ್ಲಿ ಆ ಹತ್ತಿರಕ್ಕೆ ಬಂದಾಗ ಚರ್ಚಿನ ಮೇಲ್ಭಾಗ ಮಾತ್ರ ಕಾಣುತ್ತೆ. ಬೇಸಿಗೆಯಲ್ಲಿ ಬುಡದವರೆಗೂ ನಡೆದು ಹೋಗಬಹುದು, ಸುತ್ತ ದನ ಮೇಯುತ್ತಿರುತ್ತವೆ. ವರ್ಷಾ ವರ್ಷಾ ಮುಳುಗಿ ಏಳುವ ಕಟ್ಟಡ. ಹಾಗಾಗಿ ಈಗಿನ ಸುದ್ದಿಯಲ್ಲಿ ‘ಮುಳುಗಡೆಯಾದ’ ಹೋಗಿ ‘ಮುಳುಗುವ ಚರ್ಚ್’, ‘ತೇಲುವ ಚರ್ಚ್’ ಬಂದಿದೆ. ಹಳೇ ಪತ್ರಿಕೆಗಳಲ್ಲಿ ಇಲ್ಲದ ವರ್ತಮಾನ ಕಾಲ ಕೊನೆಗೂ ಸಿಕ್ಕಿತು. ಸಿಕ್ಕಿದ್ದು ಯಾರಿಗೆ? ಕಲ್ಲು ಗಾರೆಯ ಗೋಡೆಗಳಿಗೆ. ಅದರ ಸುತ್ತ ಇದ್ದ ಮನೆಗಳಿಗೆ ಸಿಗಲಿಲ್ಲ. ಮಣ್ಣಿನ ಗೋಡೆ ನೀರಿಗೆ ಎಷ್ಟು ಮಳೆಗಾಲ ತಡೆಯುತ್ತೆ? ಅವು ತೇಲುವುದಿಲ್ಲ, ಡ್ರೋನಿಗೆ ಕಾಣುವುದಿಲ್ಲ, ಪ್ರೀ-ವೆಡ್ಡಿಂಗ್ ಶೂಟಿಗೂ ಬರುವುದಿಲ್ಲ. ನೀರಿಗೂ ಹೆಸರು ಬದಲಾಗಿದೆ. ಅಣೆಕಟ್ಟಿಗೆ ಮುಂಚಿನ ‘ಮುಳುಗಡೆ’ ಈಗ ‘ಹಿನ್ನೀರು’. ಹಿನ್ನೀರು ಅಂದ ಕೂಡಲೇ ಹೋಮ್‌ಸ್ಟೇ, ಕಯಾಕಿಂಗ್, ಸೂರ್ಯಾಸ್ತ. ಚಂದದ ಪದ, ಒಪ್ಪುತ್ತೇನೆ. ವಾರಾಂತ್ಯಕ್ಕೆ ಸ್ನೇಹಿತರನ್ನು ಕರೆದುಕೊಂಡು ಹೋದಾಗ ನಾನೂ ಹಾಗೇ ಅನ್ನುತ್ತೇನೆ.

ಅದೇ ಬೆಂಗಳೂರಿಗೆ ನೀರು ನುಗ್ಗಿದಾಗ ಭಾಷೆ ಹೇಗಿತ್ತು ನೆನಪಿಸಿಕೊಳ್ಳಿ. 2022ರ ಸೆಪ್ಟೆಂಬರ್. ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆ ಎಲ್ಲ ಕೆರೆ. ನಮ್ಮಂಥವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋಗಳು ದೇಶವೆಲ್ಲ ಓಡಾಡಿದವು. ಮೊದಲ ದಿನದ ತಲೆಬರಹ ‘ಜಲಾವೃತ’, ಅದಕ್ಕೂ ಕರ್ತೃ ಇಲ್ಲ. ಆದರೆ ಎರಡನೇ ದಿನಕ್ಕೇ ಪ್ರಶ್ನೆ ಶುರು. ರಾಜಕಾಲುವೆ ಒತ್ತುವರಿ ಮಾಡಿದ್ದು ಯಾರು, ಲೇಔಟಿಗೆ ಅನುಮತಿ ಕೊಟ್ಟದ್ದು ಯಾರು, ಕೆರೆ ಮುಚ್ಚಿದ್ದು ಯಾರು. ವಾರದೊಳಗೆ ಬುಲ್ಡೋಜರೂ ಬಂತು. ಕೆಲವು ದಿನದ ನೀರಿಗೆ ನಮಗೆ ಕರ್ತೃ ಬೇಕಾಯಿತು, ಪತ್ರಿಕೆಗಳು ಹುಡುಕಿಕೊಟ್ಟವು. ಹುಡುಕಿದ್ದು ಸರಿಯೇ. ಹೇಮಾವತಿ ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತಾಳೆ, ಆ ಕಾವೇರಿ ತೊರೆಕಾಡನಹಳ್ಳಿಯಿಂದ ಪಂಪಾಗಿ ನಮ್ಮ ನಲ್ಲಿಗೆ ಬರುತ್ತಾಳೆ. ಶೆಟ್ಟಿಹಳ್ಳಿಯ ಮೇಲೆ ನಿಂತ ನೀರಿನ ಒಂದು ಪಾಲು ಇಲ್ಲಿನ ಕುಕ್ಕರಿನಲ್ಲೂ ಬೇಯುತ್ತಿರಬಹುದು. ನಾವೂ ಆ ಖಾಲಿ ಜಾಗದಲ್ಲಿ ಎಲ್ಲೋ ಇದ್ದೇವೆ.

ಅಣೆಕಟ್ಟೇ ಬೇಡವಿತ್ತು ಅಂತ ನಾನು ಹೇಳುತ್ತಿಲ್ಲ. ಹೇಮಾವತಿ ಜಲಾಶಯದ 37 ಟಿಎಂಸಿ ನೀರಿನಿಂದ ಹಾಸನ, ಮಂಡ್ಯ, ತುಮಕೂರಿನ ಎಷ್ಟೋ ಮನೆಗಳು ಉಂಡಿವೆ, ನಮ್ಮ ನೆಂಟರೂ ಅದರಲ್ಲಿದ್ದಾರೆ. ‘ನಾವು ಇಷ್ಟು ಊರುಗಳನ್ನು ಮುಳುಗಿಸಿ ಇಷ್ಟು ಎಕರೆಗೆ ನೀರು ಕೊಟ್ಟೆವು’ ಅಂತ ಒಂದೇ ವಾಕ್ಯದಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಅದರ ಮೇಲೆ ವಾದ ಮಾಡಬಹುದಿತ್ತು, ಸರಿ ಅನ್ನಬಹುದಿತ್ತು, ತಪ್ಪು ಅನ್ನಬಹುದಿತ್ತು. ‘ಮುಳುಗಡೆಯಾಯಿತು’ ಅನ್ನುವುದರ ಮೇಲೆ ವಾದ ಮಾಡೋದು ಸೂರ್ಯ ಮುಳುಗಿದ ಅನ್ನುವುದರ ಮೇಲೆ ವಾದ ಮಾಡಿದ ಹಾಗೆ.

ಪದ ಹಳೆಯದಾಯಿತು, ಬಿಡಿ ಅನ್ನುವ ಹಾಗೂ ಇಲ್ಲ. ಬಾಗಲಕೋಟೆಗೆ ಪತ್ರಿಕೆಗಳು ಇಟ್ಟ ಅಡ್ಡಹೆಸರು ‘ಮುಳುಗಡೆ ನಗರಿ’. ಧಾರವಾಡ ವಿದ್ಯಾಕಾಶಿ, ಮೈಸೂರು ಅರಮನೆಗಳ ನಗರಿ, ಬಾಗಲಕೋಟೆ ಮುಳುಗಡೆ ನಗರಿ. ಊರಿನ ಹಿರಿಮೆಯೇ ಅದು ಅನ್ನೋ ಹಾಗೆ. ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲಿಸುತ್ತಿರುವುದು 519.60 ಮೀಟರಿಗೆ. ಅದನ್ನು 524.256ಕ್ಕೆ ಏರಿಸುವ ಯೋಜನೆಗೆ ಇನ್ನೂ 75,000 ಎಕರೆಗಿಂತ ಹೆಚ್ಚು ಭೂಮಿ ಬೇಕು. ಪರಿಹಾರದ ದರದ ಬಗ್ಗೆ ಸುದ್ದಿ ಬರುತ್ತಲೇ ಇರುತ್ತೆ, ನಾನು ತಪ್ಪದೆ ಓದುತ್ತೇನೆ. ‘ಮುಳುಗಡೆಯಾಗಲಿರುವ ಗ್ರಾಮಗಳು’ ಅಂತಲೇ ಇರುತ್ತೆ. ಅಲ್ಲಿಯ ಅಜ್ಜಿಯರು ಉತ್ತರ ಕರ್ನಾಟಕದ ಮಾತಲ್ಲಿ ಏನಂತಾರೆ ಅಂತ ಕೇಳಬೇಕು ಅನ್ನಿಸುತ್ತೆ.